ಪರದೆ ಕಪ್ಪಾದರೆ ಲೆಕ್ಕ ಹೋದಂತಲ್ಲ

ಲ್ಯಾಪ್‌ಟಾಪ್ ಚಾಲೂ ಆಗಿಯೂ ಏನೂ ಕಾಣಿಸದಿದ್ದಾಗ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಅನುಸರಿಸಬೇಕಾದ ಕ್ರಮ

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ರಾಜಾನುಕುಂಟೆ ಇದೆ. ಈ ಮಾರ್ಗದ ಇಕ್ಕೆಲಗಳಲ್ಲಿ ಇಂದು ಗೋದಾಮುಗಳು, ಸಣ್ಣ ತಯಾರಿಕಾ ಘಟಕಗಳು, ಕಟ್ಟಡ ಸಾಮಗ್ರಿಯ ಮಳಿಗೆಗಳು ತಲೆಯೆತ್ತಿವೆ. ಮುಂದೆ ಸಾಗಿದರೆ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ, ಅದರಾಚೆ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು. ಈ ಘಟಕಗಳ ಉತ್ಪನ್ನಗಳು ಬೇರೆ ಬೇರೆಯಾದರೂ ಅವುಗಳ ಕಚೇರಿ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣಸಿಗುವ ಸಾಧನ ಒಂದೇ. ಅದು ಲ್ಯಾಪ್‌ಟಾಪ್. ಬಿಲ್ಲು, ಬಾಕಿ ವಸೂಲಿ, ದಾಸ್ತಾನು, ಸಂಬಳ, ತೆರಿಗೆ ಎಲ್ಲವೂ ಅದರೊಳಗೇ ಅಡಕವಾಗಿವೆ.

ಇಂತಹ ಒಂದು ಘಟಕದಲ್ಲಿ ತಿಂಗಳ 19ನೆಯ ತಾರೀಖಿನ ಸಂಜೆಯನ್ನು ಕಲ್ಪಿಸಿಕೊಳ್ಳಬಹುದು. ಮರುದಿನ ಜಿಎಸ್‌ಟಿ ವಿವರ ಸಲ್ಲಿಸಲು ಕೊನೆಯ ದಿನ. ಹೊರಗೆ ಸರಕು ತುಂಬಿದ ವಾಹನ ಇ-ವೇ ಬಿಲ್‌ಗಾಗಿ ಕಾದು ನಿಂತಿದೆ. ಗುಮಾಸ್ತನು ಲ್ಯಾಪ್‌ಟಾಪ್‌ನ ಗುಂಡಿ ಒತ್ತುತ್ತಾನೆ. ದೀಪ ಹತ್ತುತ್ತದೆ, ಫ್ಯಾನಿನ ಸದ್ದು ಕೇಳಿಸುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹತ್ತು ನಿಮಿಷಗಳಲ್ಲಿ ಸಲಹೆಗಾರರು ನೆರೆಯುತ್ತಾರೆ. ಒಬ್ಬರು ಮದರ್‌ಬೋರ್ಡ್ ಸುಟ್ಟಿದೆ ಎನ್ನುತ್ತಾರೆ, ಮತ್ತೊಬ್ಬರು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಪರಿಚಯದ ಹುಡುಗನೊಬ್ಬ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡಲು ಸಿದ್ಧನಾಗುತ್ತಾನೆ.

ಇಲ್ಲಿ ಉದ್ಯಮಿಯು ತಿಳಿದಿರಬೇಕಾದ ಮುಖ್ಯ ಸಂಗತಿಯೊಂದಿದೆ. ಪರದೆ ಕಪ್ಪಾಗುವುದರಿಂದ ಲೆಕ್ಕಪತ್ರಗಳು ಅಳಿಸಿಹೋಗುವುದಿಲ್ಲ. ಪರದೆಯೇ ಬೇರೆ, ಮಾಹಿತಿ ಶೇಖರವಾಗಿರುವ ಡಿಸ್ಕೇ ಬೇರೆ. ಅನೇಕ ವೇಳೆ ಮಾಹಿತಿ ನಷ್ಟವಾಗುವುದು ದೋಷದಿಂದಲ್ಲ, ದೋಷ ಕಂಡ ಮೊದಲ ಗಂಟೆಯಲ್ಲಿ ಅವಸರದಿಂದ ಕೈಗೊಂಡ ಪರಿಹಾರದಿಂದ. ತಾಳಿದವನು ಬಾಳಿಯಾನು ಎಂಬ ಮಾತು ಈ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

ಮೊದಲು ವ್ಯವಹಾರ, ಅನಂತರ ಯಂತ್ರ

ಕಾದು ನಿಂತಿರುವ ವಾಹನವನ್ನು ಕಳುಹಿಸಲು ಕೆಟ್ಟ ಲ್ಯಾಪ್‌ಟಾಪ್ ರಿಪೇರಿಯಾಗಬೇಕಾದ ಅಗತ್ಯವಿಲ್ಲ. ಇ-ವೇ ಬಿಲ್ ಆಗಲಿ ಜಿಎಸ್‌ಟಿ ವಿವರಗಳಾಗಲಿ ಸಿದ್ಧವಾಗುವುದು ಸರ್ಕಾರದ ಜಾಲತಾಣದಲ್ಲಿ. ಬಳಕೆದಾರರ ಹೆಸರು, ಗುಪ್ತಪದ ಮತ್ತು ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿ ಇದ್ದರೆ ಪಕ್ಕದ ಅಂಗಡಿಯ ಗಣಕಯಂತ್ರದಿಂದಲೂ ಆ ಕೆಲಸ ಮುಗಿಸಬಹುದು. ಬೇರೆಯವರ ಯಂತ್ರದಲ್ಲಿ ಗುಪ್ತಪದವನ್ನು ಉಳಿಸಿ ಬರಬಾರದು, ಅಷ್ಟೆ. 50,000 ರೂಪಾಯಿ ಮೀರಿದ ಸರಕು ಸಾಗಣೆಗೆ ಇ-ವೇ ಬಿಲ್ ಬೇಕಾಗುವುದರಿಂದ ಈ ಮಾರ್ಗ ತಿಳಿದಿರುವುದು ಒಳಿತು. ಕಂಪನಿಗಳು ವಿವರ ಸಲ್ಲಿಸಲು ಡಿಜಿಟಲ್ ಸಹಿಯ ಟೋಕನ್ ಬೇಕು. ಅದನ್ನು ಬೇರೆ ಗಣಕಯಂತ್ರಕ್ಕೆ ಜೋಡಿಸಿ, ಅಗತ್ಯವಾದ ತಂತ್ರಾಂಶಗಳನ್ನು ಅಳವಡಿಸಬೇಕಾಗುತ್ತದೆ.

ಮಾಸಿಕ ವಿವರ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11 ಮತ್ತು ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನಗಳು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದಿದ್ದರೆ 20 ರೂಪಾಯಿ ವಿಳಂಬ ಶುಲ್ಕವಿದೆ. ತೆರಿಗೆ ಬಾಕಿಗೆ ವಾರ್ಷಿಕ ಶೇಕಡ 18ರ ಬಡ್ಡಿ ಪ್ರತ್ಯೇಕ. ಎರಡು ದಿನ ತಡವಾದರೆ ಆಗುವ ಈ ಖರ್ಚನ್ನೂ, ಆತುರದಲ್ಲಿ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಕಳೆದುಕೊಳ್ಳಬಹುದಾದ ಲೆಕ್ಕವನ್ನೂ ತೂಗಿ ನೋಡಿದರೆ ಯಾವುದು ಭಾರವೆಂಬುದು ಯಾವ ವರ್ತಕನಿಗೂ ತಿಳಿಯುತ್ತದೆ.

ಜಾಲತಾಣದಲ್ಲಿ ಇಲ್ಲದಿರುವುದು ಖರೀದಿ, ಮಾರಾಟ, ಬಾಕಿದಾರರ ಪಟ್ಟಿ ಮತ್ತು ದಾಸ್ತಾನಿನ ಪೂರ್ಣ ಲೆಕ್ಕ. ನಮ್ಮ ಅನೇಕ ಘಟಕಗಳಲ್ಲಿ ಇದು ಟ್ಯಾಲಿ ತಂತ್ರಾಂಶದಲ್ಲಿರುತ್ತದೆ. ಜವಳಿ ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಹಾಗೂ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯಾಪಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ದೊರೆಯದಿದ್ದಾಗ ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದ ತಂತ್ರಾಂಶವಿದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಸಂಸ್ಥೆಯ ಆರಂಭ 1986ರಲ್ಲಿ ಆಯಿತು. ವರ್ತಕನ ಅಗತ್ಯದಿಂದಲೇ ಹುಟ್ಟಿದ ಈ ತಂತ್ರಾಂಶವು ಲೆಕ್ಕವನ್ನು ಡಿಸ್ಕಿನ ಒಂದು ಫೋಲ್ಡರ್‌ನಲ್ಲಿ ಇರಿಸುತ್ತದೆ. ಆ ಫೋಲ್ಡರ್ ಸುರಕ್ಷಿತವಾಗಿದ್ದರೆ ಬೇರೆ ಯಂತ್ರದಲ್ಲಿ ಲೆಕ್ಕವನ್ನು ಮತ್ತೆ ತೆರೆಯಬಹುದು. ಆದುದರಿಂದ ಕಪ್ಪು ಪರದೆಯ ಎದುರು ಕೈಗೊಳ್ಳುವ ಪ್ರತಿಯೊಂದು ಕ್ರಮಕ್ಕೂ ಒಂದೇ ಒರೆಗಲ್ಲು. ಇದರಿಂದ ಆ ಫೋಲ್ಡರ್‌ಗೆ ಅಪಾಯವಿದೆಯೇ, ಇಲ್ಲವೇ?

ಕಪ್ಪು ಪರದೆಯ ಐದು ಬಗೆ

ವೈದ್ಯರು ಜ್ವರಕ್ಕೆ ಔಷಧ ಬರೆಯುವ ಮುನ್ನ ಲಕ್ಷಣಗಳನ್ನು ವಿಚಾರಿಸುವಂತೆ, ಇಲ್ಲಿಯೂ ದೋಷ ಎಲ್ಲಿದೆಯೆಂದು ಮೊದಲು ಗುರುತಿಸಬೇಕು. ಕಪ್ಪು ಪರದೆಯನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಒಂದನೆಯದು, ದೀಪವೂ ಇಲ್ಲ, ಸದ್ದೂ ಇಲ್ಲ. ಇದು ವಿದ್ಯುತ್ ಪೂರೈಕೆಯ ದೋಷ. ಚಾರ್ಜರ್, ಗೋಡೆಯ ಸಾಕೆಟ್ ಅಥವಾ ಬ್ಯಾಟರಿಯನ್ನು ಮೊದಲು ಶಂಕಿಸಬೇಕು.

ಎರಡನೆಯದು, ದೀಪ ಹತ್ತಿ ಫ್ಯಾನ್ ತಿರುಗಿದರೂ ತಯಾರಕರ ಚಿಹ್ನೆ ಮೂಡುವುದಿಲ್ಲ. ವಿಂಡೋಸ್ ಇನ್ನೂ ಆರಂಭವೇ ಆಗಿಲ್ಲದಿರಬಹುದು. ಮೆಮೊರಿ, ಪರದೆ, ಅದರ ಕೇಬಲ್ ಅಥವಾ ಮದರ್‌ಬೋರ್ಡ್‌ನಲ್ಲಿ ತೊಂದರೆ ಇರುತ್ತದೆ.

ಮೂರನೆಯದು, ಚಿಹ್ನೆ ಮೂಡಿ ಅನಂತರ ಕತ್ತಲಾಗುತ್ತದೆ. ಪರದೆ ಸರಿಯಾಗಿದೆ ಎಂಬುದಕ್ಕೆ ಆ ಚಿಹ್ನೆಯೇ ಸಾಕ್ಷಿ. ದೋಷವು ಬಹುಮಟ್ಟಿಗೆ ವಿಂಡೋಸ್‌ನಲ್ಲಿ ಅಥವಾ ಚಿತ್ರವನ್ನು ಪರದೆಗೆ ಕಳುಹಿಸುವ ಡ್ರೈವರ್ ತಂತ್ರಾಂಶದಲ್ಲಿದೆ.

ನಾಲ್ಕನೆಯದು, ಕಪ್ಪು ಪರದೆಯ ಮೇಲೆ ಮೌಸಿನ ಬಾಣದ ಗುರುತು ಮಾತ್ರ ಕಾಣಿಸುತ್ತದೆ. ಇದು ಎಲ್ಲಕ್ಕಿಂತ ಹಗುರವಾದ ತೊಂದರೆ. ವಿಂಡೋಸ್ ಆರಂಭವಾಗಿದೆ, ಅದರ ಮುಖಪುಟ ಮಾತ್ರ ತೆರೆದುಕೊಂಡಿಲ್ಲ.

ಐದನೆಯದು, ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳಿರುತ್ತವೆ. ಇದು ಯಂತ್ರವೇ ನೀಡುತ್ತಿರುವ ದೂರು. ವಿಂಡೋಸ್‌ನ ಪ್ರಸಿದ್ಧ ನೀಲಿ ದೋಷಪರದೆಯನ್ನು ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಕಪ್ಪು ಬಣ್ಣಕ್ಕೆ ಬದಲಿಸಿತು. ಆದುದರಿಂದ ಅಕ್ಷರಗಳಿರುವ ಕಪ್ಪು ಪರದೆಯನ್ನೂ ಖಾಲಿ ಕಪ್ಪು ಪರದೆಯನ್ನೂ ಒಂದೇ ಎಂದು ತಿಳಿಯಬಾರದು. ಆ ಬರಹವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ದುರಸ್ತಿಗಾರನ ಅರ್ಧ ಕೆಲಸ ಮುಗಿದಂತೆ.

ಖರ್ಚಿಲ್ಲದ ಪರೀಕ್ಷೆಗಳು

ಎರಡನೆಯ ಬಗೆಯ ತೊಂದರೆಯಲ್ಲಿ ಯಂತ್ರ ನಿಜಕ್ಕೂ ನಡೆಯುತ್ತಿದೆಯೇ ಎಂದು ತಿಳಿಯಬೇಕು. ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ದೀಪವಿದ್ದರೆ ಆ ಕೀಲಿಯನ್ನು ಒತ್ತಿ ನೋಡಬೇಕು. ದೀಪ ಹತ್ತಿ ಆರಿದರೆ ಯಂತ್ರ ಎಚ್ಚರವಾಗಿದೆ, ಪರದೆ ಮಾತ್ರ ಮಲಗಿದೆ ಎಂದು ಊಹಿಸಬಹುದು. ಪರದೆಯ ಬೆಳಕನ್ನು ಹೆಚ್ಚಿಸುವ ಕೀಲಿಯನ್ನೂ ಒತ್ತಿ ನೋಡುವುದು ಸೂಕ್ತ. ಆಕಸ್ಮಿಕವಾಗಿ ಬೆಳಕು ಪೂರ್ತಿ ತಗ್ಗಿರುವ ಸಂದರ್ಭಗಳೂ ಇಲ್ಲದಿಲ್ಲ.

ಅನಂತರ ಕೋಣೆಯ ದೀಪವಾರಿಸಿ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಬೇಕು. ಎಲ್‌ಸಿಡಿ ಪರದೆಯಲ್ಲಿ ಮಸುಕಾಗಿ ಚಿತ್ರ ಕಂಡರೆ ಹಿಂಬದಿಯ ಬೆಳಕು ಮಾತ್ರ ಕೆಟ್ಟಿದೆ, ಮಿಕ್ಕ ಯಂತ್ರ ಸರಿಯಾಗಿದೆ ಎಂದರ್ಥ. ಏನೂ ಕಾಣದಿದ್ದರೆ ಎಚ್‌ಡಿಎಂಐ ಕೇಬಲ್ ಮೂಲಕ ಲ್ಯಾಪ್‌ಟಾಪನ್ನು ಟಿ.ವಿ.ಗೆ ಅಥವಾ ಮತ್ತೊಂದು ಮಾನಿಟರ್‌ಗೆ ಜೋಡಿಸಬೇಕು. ಅಲ್ಲಿ ಚಿತ್ರ ಮೂಡಿದರೆ ಉದ್ಯಮಿಯ ಆತಂಕ ಅಲ್ಲಿಗೇ ಮುಗಿಯಿತು. ಆದರೆ ಚಿತ್ರ ಮೂಡಿದ ಕೂಡಲೇ ಬಿಲ್ ಮಾಡಲು ಕುಳಿತುಕೊಳ್ಳಬಾರದು. ಮೊದಲು ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು. ಕೆಟ್ಟ ಯಂತ್ರವು ಒಂದು ಸಲ ದಾರಿ ಬಿಟ್ಟಾಗ ಮಾಡಬೇಕಾದ ಮೊದಲ ಕೆಲಸ ಇದೇ.

ಮುಂದಿನದು, ಉಳಿದ ವಿದ್ಯುದಂಶವನ್ನು ಹೊರಹಾಕುವುದು. ಚಾರ್ಜರ್ ತೆಗೆದು, ಪೆನ್‌ಡ್ರೈವ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಮೊದಲಾದ ಎಲ್ಲವನ್ನೂ ಬಿಡಿಸಬೇಕು. ಬ್ಯಾಟರಿ ಹೊರತೆಗೆಯುವಂತಿದ್ದರೆ ಅದನ್ನೂ ತೆಗೆಯಬೇಕು. ಪವರ್ ಗುಂಡಿಯನ್ನು 30 ಸೆಕೆಂಡುಗಳ ಕಾಲ ಒತ್ತಿ ಹಿಡಿದು ಬಿಡಬೇಕು. ಬಳಿಕ ಚಾರ್ಜರ್ ಮಾತ್ರ ಜೋಡಿಸಿ ಚಾಲೂ ಮಾಡಬೇಕು. ಇದರಿಂದ ಮಾಹಿತಿಗೆ ಯಾವ ಧಕ್ಕೆಯೂ ಇಲ್ಲ. ಹೊರಗಿನಿಂದ ಜೋಡಿಸಿದ ಯಾವುದಾದರೂ ಸಾಧನವೇ ಅಡ್ಡಿಯಾಗಿದ್ದರೆ ಅದೂ ಈ ಕ್ರಮದಲ್ಲಿ ಬಯಲಾಗುತ್ತದೆ.

ಇದಕ್ಕೂ ಒಂದು ಅಪವಾದವಿದೆ. ಹಿಂದಿನ ಸಂಜೆ ಯಂತ್ರವು ಬಯಾಸ್ ನವೀಕರಣ ಕೇಳಿದ್ದು, ಅದಕ್ಕೆ ಒಪ್ಪಿಗೆ ಕೊಟ್ಟಿದ್ದರೆ, ಪರದೆ ಹಲವು ನಿಮಿಷ ಕಪ್ಪಾಗಿ ಫ್ಯಾನ್ ಜೋರಾಗಿ ತಿರುಗುವುದುಂಟು. ಆಗ ಚಾರ್ಜರ್ ಜೋಡಿಸಿ ಅರ್ಧ ಗಂಟೆ ಸುಮ್ಮನೆ ಬಿಡಬೇಕು. ನಡುವೆ ಆರಿಸಿದರೆ ಮದರ್‌ಬೋರ್ಡ್ ನಿಷ್ಕ್ರಿಯವಾಗುವ ಅಪಾಯವಿದೆ.

ಕಾರ್ಖಾನೆಗಳಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಲ್ಯಾಪ್‌ಟಾಪ್ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಅನೇಕ ಮಾದರಿಗಳು ಒಂದು ಚಿಕ್ಕ ಅಯಸ್ಕಾಂತದ ನೆರವಿನಿಂದ ಅರಿಯುತ್ತವೆ. ಅಯಸ್ಕಾಂತವಿರುವ ಉಪಕರಣವನ್ನೋ ಮೊಬೈಲ್ ಕವಚವನ್ನೋ ಕೀಲಿಮಣೆಯ ಮಗ್ಗುಲಲ್ಲಿ ಇಟ್ಟರೆ ಯಂತ್ರವು ತನ್ನನ್ನು ಮುಚ್ಚಲಾಗಿದೆಯೆಂದು ಭಾವಿಸಿ ಪರದೆಯನ್ನು ಆರಿಸಬಹುದು. ಮೇಜನ್ನು ತೆರವುಗೊಳಿಸುವುದಕ್ಕೆ ಯಾವ ತಜ್ಞನೂ ಬೇಕಾಗಿಲ್ಲ.

ಇಷ್ಟಾದರೂ ಚಿಹ್ನೆ ಮೂಡದೆ, ಯಂತ್ರವು ಬೀಪ್ ಸದ್ದು ಮಾಡುತ್ತಿದ್ದರೆ ಅಥವಾ ದೀಪ ಮಿನುಗುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಯಾವ ಭಾಗ ಕೆಟ್ಟಿದೆಯೆಂದು ಸೂಚಿಸುವ ಈ ಸಂಕೇತಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಅವುಗಳ ವಿವರ ತಯಾರಕರ ಕೈಪಿಡಿಯಲ್ಲಿರುತ್ತದೆ. ರ‍್ಯಾಮ್ ಪಟ್ಟಿ ಸಡಿಲವಾಗಿಯೋ ಅದರ ತುದಿಗಳಲ್ಲಿ ಕಿಲುಬು ಕಟ್ಟಿಯೋ ಪರದೆ ಬಾರದಿರುವುದು ಸಾಮಾನ್ಯ. ಅದನ್ನು ತೆಗೆದು ಶುಚಿಮಾಡಿ ಮತ್ತೆ ಕೂರಿಸುವುದು ಬಲ್ಲವರಿಗೆ ಕೆಲವು ನಿಮಿಷಗಳ ಕೆಲಸ. ಆದರೆ ಖಾತರಿ ಅವಧಿಯಲ್ಲಿರುವ ಯಂತ್ರವನ್ನು ಹೊರಗಿನವರಿಂದ ಬಿಚ್ಚಿಸಬಾರದು.

ಚಿಹ್ನೆ ಮೂಡಿ ಕತ್ತಲಾದರೆ

ಮೂರನೆಯ ಮತ್ತು ನಾಲ್ಕನೆಯ ಬಗೆಯಲ್ಲಿ ಯಂತ್ರವನ್ನು ಬಿಚ್ಚುವ ಅಗತ್ಯವೇ ಬೀಳದಿರಬಹುದು. ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಎಂಬ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಚಿತ್ರದ ಡ್ರೈವರ್ ಹೊಸದಾಗಿ ಆರಂಭವಾಗುತ್ತದೆ. ಒಂದು ಸಣ್ಣ ಸದ್ದಿನೊಡನೆ ಪರದೆ ಮರಳಿ ಬರಬಹುದು.

ಮೌಸಿನ ಗುರುತು ಮಾತ್ರ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಅದರಲ್ಲಿ ಹೊಸ ಕಾರ್ಯ ಆರಂಭಿಸುವ ಆಯ್ಕೆಯನ್ನು ಒತ್ತಿ ‘ಎಕ್ಸ್‌ಪ್ಲೋರರ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಮುಖಪುಟ ತೆರೆದುಕೊಳ್ಳಬಹುದು. ತೆರೆದರೆ ಇಲ್ಲಿಯೂ ಮೊದಲ ಕೆಲಸ ನಕಲು ಮಾಡುವುದೇ.

ಇವೆರಡೂ ಫಲಿಸದಿದ್ದರೆ ವಿಂಡೋಸ್‌ನ ದುರಸ್ತಿ ವಿಭಾಗವನ್ನು ಪ್ರವೇಶಿಸಬೇಕು. ಯಂತ್ರ ಆರಂಭವಾಗಿ ಚಿಹ್ನೆ ಮೂಡಿದ ಬಳಿಕ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಆರಿಸಬೇಕು. ಹೀಗೆ ಎರಡು ಸಲ ಮಾಡಿದರೆ ಸಾಮಾನ್ಯವಾಗಿ ಮೂರನೆಯ ಸಲ ದುರಸ್ತಿ ವಿಭಾಗ ತಾನಾಗಿಯೇ ತೆರೆಯುತ್ತದೆ. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ಇದನ್ನು ಮಾಡಬಾರದು. ಆಗ ಯಂತ್ರವನ್ನು ಆರಿಸಿ ಮಾಹಿತಿ ಮರಳಿ ಪಡೆಯುವ ತಜ್ಞರ ಬಳಿಗೆ ಒಯ್ಯುವುದೇ ಸರಿ. ಪದೇ ಪದೇ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚುತ್ತದೆ.

ದುರಸ್ತಿ ವಿಭಾಗದಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಆರಿಸಿದರೆ ಕೆಲವು ಮಾರ್ಗಗಳು ದೊರೆಯುತ್ತವೆ. ಇತ್ತೀಚಿನ ನವೀಕರಣದ ಬಳಿಕ ತೊಂದರೆ ಆರಂಭವಾಗಿದ್ದರೆ ಆ ನವೀಕರಣವನ್ನು ತೆಗೆದುಹಾಕಬಹುದು. ‘ಸಿಸ್ಟಂ ರಿಸ್ಟೋರ್’ ಮೂಲಕ ಹಿಂದಿನ ಒಂದು ದಿನದ ಸ್ಥಿತಿಗೆ ವಿಂಡೋಸನ್ನು ಒಯ್ಯಬಹುದು. ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಆರಿಸಿ, ಯಂತ್ರ ಮರು ಆರಂಭವಾದಾಗ 4ನ್ನು ಒತ್ತಿದರೆ ಸೇಫ್ ಮೋಡ್ ತೆರೆಯುತ್ತದೆ. ಅತ್ಯವಶ್ಯಕ ಡ್ರೈವರ್‌ಗಳಿಂದಷ್ಟೇ ನಡೆಯುವ ಈ ಸ್ಥಿತಿಯಲ್ಲಿ ಪರದೆ ಬಂದರೆ ದೋಷ ತಂತ್ರಾಂಶದ್ದೆಂದು ಬಹುಮಟ್ಟಿಗೆ ಖಚಿತ. ಅಲ್ಲಿ ಲೆಕ್ಕದ ಫೋಲ್ಡರನ್ನು ನಕಲು ಮಾಡಿಕೊಂಡು, ಚಿತ್ರದ ಡ್ರೈವರನ್ನು ಹಿಂದಿನ ಆವೃತ್ತಿಗೆ ಇಳಿಸಬಹುದು.

ರೀಸೆಟ್ ಎಂಬ ಸುಲಭದ ದಾರಿ

ಇದೇ ದುರಸ್ತಿ ವಿಭಾಗದಲ್ಲಿ ‘ರೀಸೆಟ್ ದಿಸ್ ಪಿಸಿ’ ಎಂಬ ಆಯ್ಕೆಯೂ ಇದೆ. ಸುಲಭವಾಗಿ ಕಣ್ಣಿಗೆ ಬೀಳುವ ಈ ದಾರಿಯನ್ನು ನಕಲು ಕೈಗೆ ಬರುವವರೆಗೆ ಮುಟ್ಟಲೇಬಾರದು. ಎಲ್ಲವನ್ನೂ ಅಳಿಸುವ ಆಯ್ಕೆಯಲ್ಲಿ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯೂ ವರ್ತಕರಿಗೆ ಪೂರ್ಣ ಭರವಸೆ ನೀಡುವುದಿಲ್ಲ. ಅದು ಉಳಿಸುವುದು ಬಳಕೆದಾರರ ವೈಯಕ್ತಿಕ ಕಡತಗಳನ್ನು. ಅಳವಡಿಸಿದ ತಂತ್ರಾಂಶಗಳನ್ನು ಅದು ತೆಗೆದುಹಾಕುತ್ತದೆ. ಲೆಕ್ಕದ ಫೋಲ್ಡರ್ ತಂತ್ರಾಂಶದ ಜೊತೆಯಲ್ಲೋ ಡಿಸ್ಕಿನ ಬೇರೆಲ್ಲೋ ಇದ್ದರೆ ಅದು ಉಳಿಯುತ್ತದೆಂಬ ಖಾತ್ರಿ ಇರುವುದಿಲ್ಲ.

ದುರಸ್ತಿ ಅಂಗಡಿಯಲ್ಲಿ ಹೇಳುವ ‘ಓಎಸ್ ಹೊಸದಾಗಿ ಹಾಕುತ್ತೇವೆ’ ಎಂಬ ಮಾತಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಯಂತ್ರ ಅರ್ಧ ದಿನದಲ್ಲಿ ಹೊಸದರಂತೆ ಮರಳುತ್ತದೆ. ಆದರೆ ಅದರೊಳಗೆ ಏಪ್ರಿಲ್‌ನಿಂದ ಬರೆದ ಲೆಕ್ಕ ಇರುವುದಿಲ್ಲ.

ಬೀಗವೂ ಬೀಗದ ಕೈಯೂ

ಯಂತ್ರ ಪೂರ್ತಿ ಕೆಟ್ಟರೂ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೂರಿಸಿ, ಬೇರೆ ಗಣಕಯಂತ್ರಕ್ಕೆ ಜೋಡಿಸಿ ಲೆಕ್ಕ ತೆಗೆಯುವುದು ಬಹುಕಾಲದ ರೂಢಿ. ಕೆಲವು ತೆಳು ಮಾದರಿಗಳಲ್ಲಿ ಡಿಸ್ಕನ್ನು ಮದರ್‌ಬೋರ್ಡ್‌ಗೇ ಬೆಸೆದಿರುವುದರಿಂದ ಇದು ಸಾಧ್ಯವಿಲ್ಲ. ಈಚಿನ ಯಂತ್ರಗಳಲ್ಲಿ ಮತ್ತೊಂದು ಅಡ್ಡಿಯೂ ಇದೆ. ಕಳ್ಳತನವಾದಾಗ ಮಾಹಿತಿ ಪರರ ಪಾಲಾಗಬಾರದೆಂದು ವಿಂಡೋಸ್ ಇಡೀ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಈ ಬೀಗ ಮಾಲೀಕನಿಗೆ ತಿಳಿಯದೆಯೇ ಬಿದ್ದಿರುವ ಸಂಭವ ಹೆಚ್ಚು. ಡಿಸ್ಕನ್ನು ಬೇರೆಡೆ ಜೋಡಿಸಿದಾಗ, ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ಸೇಫ್ ಮೋಡ್ ತೆರೆಯುವಾಗಲೂ ಅದು 48 ಅಂಕಿಗಳ ಕೀಲಿಸಂಖ್ಯೆಯನ್ನು ಕೇಳುತ್ತದೆ. ಆ ಸಂಖ್ಯೆ ಇಲ್ಲದೆ ಯಾವ ತಜ್ಞನಿಂದಲೂ ಬೀಗ ತೆಗೆಯಲಾಗದು.

ಇದರ ಪರಿಣಾಮ ಎಷ್ಟೆಂಬುದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಪೂರಿತ ನವೀಕರಣದಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ಸಿಲುಕಿದವು. ರಾಜಾನುಕುಂಟೆಗೆ ಸಮೀಪದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿಯೂ ಅಂದು ಪ್ರಯಾಣಿಕರ ಚೆಕ್-ಇನ್ ಕೆಲಸವನ್ನು ಕೈಯಿಂದಲೇ ಮಾಡಬೇಕಾಯಿತು. ಪರಿಹಾರ ಮಾತ್ರ ಚಿಕ್ಕದಾಗಿತ್ತು. ಸೇಫ್ ಮೋಡ್ ಅಥವಾ ದುರಸ್ತಿ ವಿಭಾಗ ಪ್ರವೇಶಿಸಿ ಒಂದು ಕಡತವನ್ನು ಅಳಿಸಿದರೆ ಸಾಕಿತ್ತು. ಆದರೆ ಬಿಟ್‌ಲಾಕರ್ ಇದ್ದ ಯಂತ್ರಗಳಲ್ಲಿ ಪ್ರತಿಯೊಂದಕ್ಕೂ ಕೀಲಿಸಂಖ್ಯೆ ಬೇಕಾಯಿತು. ಕೀಲಿಗಳ ಪಟ್ಟಿ ಸಿದ್ಧವಿದ್ದವರು ಬೇಗ ಚೇತರಿಸಿಕೊಂಡರು, ಇಲ್ಲದವರು ಹುಡುಕಾಡಿದರು. ದೊಡ್ಡ ಸಂಸ್ಥೆಗಳಿಗೇ ಹೀಗಾದ ಮೇಲೆ ಎರಡು ಲ್ಯಾಪ್‌ಟಾಪ್‌ಗಳ ಸಣ್ಣ ಘಟಕ ಎಚ್ಚರವಹಿಸದಿದ್ದರೆ ಹೇಗೆ?

ಸಣ್ಣ ಘಟಕಗಳಲ್ಲಿ ಸಮಸ್ಯೆ ಇನ್ನೊಂದು ರೂಪದಲ್ಲಿದೆ. ಈ ಕೀಲಿಸಂಖ್ಯೆ ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಿದ್ಧಪಡಿಸಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೋ ಲೆಕ್ಕ ಬರೆಯುವವನೋ ತನ್ನದೇ ಇಮೇಲ್ ವಿಳಾಸ ಹಾಕಿ ಕೆಲಸ ಮುಗಿಸಿರುತ್ತಾನೆ. ಮೂರು ವರ್ಷಗಳ ನಂತರ ಆತ ಬೇರೆಡೆ ಕೆಲಸದಲ್ಲಿರುತ್ತಾನೆ. ಬೀಗ ಮಾಲೀಕನ ಬಳಿ, ಬೀಗದ ಕೈ ಆತನ ಬಳಿ. ಟ್ಯಾಲಿ ಪರವಾನಗಿಯನ್ನು ಹೊಸ ಯಂತ್ರದಲ್ಲಿ ಮರಳಿ ಚಾಲನೆಗೊಳಿಸಲು ನೋಂದಾಯಿತ ಇಮೇಲ್ ಬೇಕು. ಜಿಎಸ್‌ಟಿ ಒಟಿಪಿ ಬರುವುದು ನೋಂದಾಯಿತ ಮೊಬೈಲ್‌ಗೆ. ಈ ಮೂರೂ ಮಾಲೀಕರ ಅಧೀನದಲ್ಲಿರಬೇಕು. ಯಂತ್ರ ಚೆನ್ನಾಗಿರುವಾಗಲೇ ಕೀಲಿಸಂಖ್ಯೆಯನ್ನು ಮುದ್ರಿಸಿ, ಆಸ್ತಿಪತ್ರಗಳ ಜೊತೆಯಲ್ಲಿ ಬೀರುವಿನಲ್ಲಿಡುವುದು ಹತ್ತು ನಿಮಿಷದ ಕೆಲಸ.

ದುರಸ್ತಿಗೆ ಕೊಡುವಾಗ

ಮೇಲಿನ ಪರೀಕ್ಷೆಗಳಿಂದ ಫಲ ದೊರೆಯದಿದ್ದರೆ ಯಂತ್ರವನ್ನು ದುರಸ್ತಿಗೆ ಕೊಡಬೇಕಾಗುತ್ತದೆ. ಖಾತರಿ ಅವಧಿ ಉಳಿದಿದ್ದರೆ ತಯಾರಕರ ಸೇವಾಕೇಂದ್ರಕ್ಕೆ ಮೊದಲು ಕರೆ ಮಾಡಬೇಕು. ಕೆಲವು ಮಾದರಿಗಳಿಗೆ ಸ್ಥಳಕ್ಕೇ ಬಂದು ದುರಸ್ತಿ ಮಾಡುವ ಸೌಲಭ್ಯವಿದ್ದು, ರಾಜಾನುಕುಂಟೆಯಿಂದ ನಗರಕ್ಕೆ ಹೋಗಿಬರುವ ದಿನ ಉಳಿಯುತ್ತದೆ.

ಹೊರಗಿನ ಅಂಗಡಿಗೆ ಕೊಡುವುದಾದರೆ ಸಾಧ್ಯವಿದ್ದಲ್ಲಿ ಡಿಸ್ಕನ್ನು ತೆಗೆಸಿ ತಮ್ಮಲ್ಲೇ ಇಟ್ಟುಕೊಳ್ಳುವುದು ಉತ್ತಮ. ಪರದೆ, ರ‍್ಯಾಮ್ ಅಥವಾ ಮದರ್‌ಬೋರ್ಡ್ ದುರಸ್ತಿಗೆ ಲೆಕ್ಕವಿರುವ ಡಿಸ್ಕಿನ ಅಗತ್ಯವಿಲ್ಲ. ಡಿಜಿಟಲ್ ಸಹಿಯ ಟೋಕನನ್ನು ಯಂತ್ರದ ಜೊತೆ ಎಂದಿಗೂ ಕಳುಹಿಸಬಾರದು. ಯಂತ್ರದ ಕ್ರಮಸಂಖ್ಯೆ, ಕಂಡುಬಂದ ಲಕ್ಷಣ, ಒಪ್ಪಿದ ಮೊತ್ತ ಮತ್ತು ‘ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮಾಹಿತಿ ಅಳಿಸಬಾರದು’ ಎಂಬ ವಾಕ್ಯ ಇರುವ ಚೀಟಿ ಪಡೆಯಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಬೇಕು.

ಈ ಚೀಟಿಗೆ ವಿಶೇಷ ಮಹತ್ವವಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವಾಣಿಜ್ಯ ಉದ್ದೇಶಕ್ಕಾಗಿ ವಸ್ತು ಅಥವಾ ಸೇವೆ ಪಡೆದವರು ಗ್ರಾಹಕರೆನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ವಸ್ತುವನ್ನು ಕೊಂಡು ತಾವೇ ಬಳಸುವವರಿಗೆ ಮಾತ್ರ ವಿನಾಯಿತಿ ಇದೆ. ಗ್ರಾಹಕ ಆಯೋಗದ ಬಾಗಿಲು ತೆರೆಯದಿರಬಹುದಾದ ಉದ್ಯಮಿಗೆ ಬರವಣಿಗೆಯ ಆಧಾರವೇ ರಕ್ಷಣೆ.

ಬೆಂಕಿಗೆ ಮುನ್ನ ಬಾವಿ

ಧೂಳು, ಶಾಖ ಮತ್ತು ವಿದ್ಯುತ್ ಏರಿಳಿತಗಳು ಲ್ಯಾಪ್‌ಟಾಪಿನ ಶತ್ರುಗಳು. ಮಗ್ಗದ ನೂಲಿನ ನವಿರು ಎಳೆಗಳು, ಮರದ ಹೊಟ್ಟು, ಸಿಮೆಂಟಿನ ಧೂಳು ಫ್ಯಾನಿನ ದಾರಿಯನ್ನು ಮುಚ್ಚಿ ಯಂತ್ರವನ್ನು ಕಾಯಿಸುತ್ತವೆ. ಆದುದರಿಂದ ಲೆಕ್ಕದ ಯಂತ್ರವನ್ನು ಉತ್ಪಾದನೆಯ ಅಂಕಣದಿಂದ ದೂರವಿಡಬೇಕು. ಕಾರ್ಖಾನೆಯ ಕಂಪ್ರೆಸರಿನ ಗಾಳಿ ಬಿಟ್ಟು ಶುಚಿಮಾಡುವ ಅಭ್ಯಾಸ ಒಳ್ಳೆಯದಲ್ಲ. ಅದರಲ್ಲಿ ತೇವವಿರುತ್ತದೆ, ರಭಸವೂ ಹೆಚ್ಚು. ಭಾರೀ ಮೋಟಾರುಗಳಿರುವ ಲೈನಿನಿಂದ ಬೇರೆಯಾದ, ಸರಿಯಾದ ಅರ್ಥಿಂಗ್ ಇರುವ ಸಾಕೆಟ್ಟನ್ನು ಬಳಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ ಹಳೆಯ ಯಂತ್ರಗಳ ಬಗ್ಗೆಯೂ ಯೋಚಿಸಬೇಕಾದ ಕಾಲವಿದು.

ಎಲ್ಲಕ್ಕಿಂತ ಮುಖ್ಯವಾದುದು ನಕಲು. ಲೆಕ್ಕದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಸಣ್ಣ ಘಟಕಕ್ಕೆ ಇದು ಕಷ್ಟವಲ್ಲ. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಪ್ರತಿದಿನ ಸಂಜೆ ಮಾಲೀಕರ ಜೊತೆ ಮನೆಗೆ ಹೋಗುವ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಅಂತರಜಾಲದ ಸಂಗ್ರಹದಲ್ಲಿ. ಪೆನ್‌ಡ್ರೈವನ್ನು ಸದಾ ಯಂತ್ರಕ್ಕೇ ಸಿಕ್ಕಿಸಿಟ್ಟರೆ ವೈರಸ್ ದಾಳಿಯಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ತಿಂಗಳಿಗೊಮ್ಮೆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ನಕಲು ನಕಲೇ ಅಲ್ಲ.

ಇದು ಕಾನೂನಿನ ಅಗತ್ಯವೂ ಹೌದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 2023-24ರ ವಾರ್ಷಿಕ ವಿವರಕ್ಕೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿದ್ದುದರಿಂದ ಆ ವರ್ಷದ ಲೆಕ್ಕ 2030ರ ಅಂತ್ಯದವರೆಗೆ ಇರಬೇಕು. ಒಂದು ಲ್ಯಾಪ್‌ಟಾಪಿನ ಆಯುಷ್ಯಕ್ಕಿಂತ ಈ ಅವಧಿ ದೀರ್ಘವಾಗಿರಬಹುದು. ಕಂಪನಿಗಳಾದರೆ 2022ರ ಆಗಸ್ಟ್ ತಿದ್ದುಪಡಿಯಂತೆ ಲೆಕ್ಕದ ನಕಲನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕು.

ಹಿಂದೆ ನಮ್ಮ ವರ್ತಕರು ಅಂಗಡಿ ಮುಚ್ಚುವ ಮುನ್ನ ಕಿರ್ದಿ, ಖಾತೆ ಪುಸ್ತಕಗಳನ್ನು ತಿಜೋರಿಯಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತೆರಳುತ್ತಿದ್ದರು. ಪುಸ್ತಕ ಯಂತ್ರವಾಗಿದೆ, ಬೀಗ 48 ಅಂಕಿಗಳಾಗಿದೆ. ಬೀಗದ ಕೈ ಮಾಲೀಕನ ಬಳಿಯೇ ಇರಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ. ಅದನ್ನು ಪಾಲಿಸಿದ ಘಟಕದಲ್ಲಿ ತಿಂಗಳ 19ರ ಸಂಜೆ ಪರದೆ ಕಪ್ಪಾದರೂ ವಾಹನ ಹೊರಡುತ್ತದೆ, ವಿವರ ಸಲ್ಲಿಕೆಯಾಗುತ್ತದೆ, ಲ್ಯಾಪ್‌ಟಾಪು ನಿಧಾನವಾಗಿ ದುರಸ್ತಿಯಾಗಿ ಬರುತ್ತದೆ.